ಯಾಕೂಬರೂ ಅತ್ತಿದ್ದರು

ಪ್ರಶ್ನೆ: ನನಗೆ 36 ವರ್ಷ. ಮಂಗಳೂರಿನ ಹತ್ತಿರದ ಊರು, ಇಬ್ಬರು ಮಕ್ಕಳು. ಯಜಮಾನರು 14 ವರ್ಷ ಸೌದಿಯ ಜುಬೈಲ್‌ನಲ್ಲಿ ದುಡಿದರು. ಎರಡು ವರ್ಷದ ಹಿಂದೆ ಕೆಲಸ ಹೋಗಿ ಊರಿಗೆ ಬಂದರು. ಉಳಿಸಿದ ದುಡ್ಡನ್ನೆಲ್ಲ ಹಾಕಿ ಸ್ನೇಹಿತರ ಪಾಲಿನಲ್ಲಿ ಒಂದು ಅಂಗಡಿ ಇಟ್ಟರು, ಅದು ಮುಳುಗಿತು. ನನ್ನ ಮಹರ್‌ನ (ಮದುವೆಯಲ್ಲಿ ಗಂಡ ಕೊಟ್ಟ ವಧುಧನದ) ಸರ ಸಮೇತ ಚಿನ್ನವೆಲ್ಲ ಸೊಸೈಟಿಯಲ್ಲಿ ಅಡವಿದೆ, ಬಡ್ಡಿ ಬೆಳೆಯುತ್ತಿದೆ. ನಾದಿನಿಯ ಗಂಡನಿಂದ ತಂದ ಸಾಲ ಬೇರೆ. ಯಜಮಾನರು ಕೋಣೆ ಬಿಟ್ಟು ಬರುವುದಿಲ್ಲ. ಏನು ಕೇಳಿದರೂ ‘ತವಕ್ಕುಲ್ (ಅಲ್ಲಾಹನ ಮೇಲೆ ಭರವಸೆ) ಇಡು, ಅಲ್ಲಾಹ್ ಕೊಡ್ತಾನೆ’ ಅನ್ನುತ್ತಾರೆ. ರಾತ್ರಿ ನಿದ್ದೆ ಮಾಡುವುದಿಲ್ಲ. ಈಚೆಗೆ ಜುಮಾಕ್ಕೂ (ಶುಕ್ರವಾರದ ನಮಾಝ್‌ಗೂ) ಹೋಗುತ್ತಿಲ್ಲ. ನಾನು ಅತ್ತರೆ ಅತ್ತೆ ‘ಸಬ್ರ್ (ತಾಳ್ಮೆ) ಮಾಡು, ಅಳುವುದು ಈಮಾನ್ (ವಿಶ್ವಾಸ) ಇಲ್ಲದವರ ಲಕ್ಷಣ’ ಅನ್ನುತ್ತಾರೆ. ನನಗೆ ಹೊಲಿಗೆ ಚೆನ್ನಾಗಿ ಬರುತ್ತದೆ. ಅದಕ್ಕೂ ಬೇಡ ಅಂತಾರೆ, ಗಲ್ಫ್‌ನವನ ಹೆಂಡತಿ ಬೇರೆಯವರ ಬಟ್ಟೆ ಹೊಲಿಯುವುದಾ ಅಂತ. ಪ್ರತಿ ರಮಝಾನ್‌ನಲ್ಲಿ ಝಕಾತ್ (ಕಡ್ಡಾಯ ದಾನ) ಕೊಡುತ್ತಿದ್ದ ಮನೆ ನಮ್ಮದು. ಈ ಸಲ ಯಾರೋ ನಮಗೇ ಒಂದು ಕವರ್ ತಂದರು. ಕೈ ಬರಲಿಲ್ಲ, ವಾಪಸ್ ಕಳಿಸಿದೆ. ನನ್ನ ಈಮಾನ್ ಸಡಿಲವಾಗಿದೆಯಾ? ಇನ್ನೂ ಎಷ್ಟು ಸಬ್ರ್ ಮಾಡಲಿ?

ಉತ್ತರ: ತಂಗಿ, ಮೊದಲು ಒಂದು ಮಾತು. ನಾನು ಆಲಿಮಾ (ಧಾರ್ಮಿಕ ವಿದ್ವಾಂಸೆ) ಅಲ್ಲ, ಫತ್ವಾ ಕೊಡುವ ಯೋಗ್ಯತೆ ನನಗಿಲ್ಲ. ಮದ್ರಸದಲ್ಲಿ ಕಲಿತದ್ದು, ಆಮೇಲೆ ಓದಿದ್ದು, ಮನೆಯಲ್ಲಿ ಅನುಭವಿಸಿದ್ದು, ಇಷ್ಟೇ ನನ್ನ ಬಂಡವಾಳ.

ನನಗೆ 19 ವರ್ಷವಿದ್ದಾಗ ತಂದೆ ತೀರಿಕೊಂಡರು. ಉಮ್ಮ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ (ಗಂಡ ತೀರಿದ ಮೇಲೆ ಕಾಯುವ ಅವಧಿ) ಕೂತಿದ್ದರು. ಬಂದ ಹೆಂಗಸರೆಲ್ಲ ಒಂದೇ ಮಾತು: ಸಬ್ರ್ ಮಾಡು, ಸಬ್ರ್ ಮಾಡು. ದಿನಕ್ಕೆ ಮೂವತ್ತು ಸಲ ಕೇಳಿ ಕೇಳಿ ಉಮ್ಮ ಅಳುವುದನ್ನೇ ನಿಲ್ಲಿಸಿಬಿಟ್ಟರು. ಮುಸಲ್ಲಾದ (ನಮಾಝಿನ ಚಾಪೆಯ) ಮೇಲೆ ಗೋಡೆಗೆ ಮುಖ ಮಾಡಿ ಕೂರುವುದು, ತಸ್ಬೀಹ್ ಮಣಿ ಉರುಳಿಸುವುದು, ಅಷ್ಟೇ. ಒಂದು ದಿನ ಪಕ್ಕದ ಮನೆಯ ಮುದುಕಿ ಬಂದರು. ಮಾತಾಡಲಿಲ್ಲ. ಅಡುಗೆಮನೆಗೆ ಹೋಗಿ ಕುಚ್ಚಲಕ್ಕಿ ಗಂಜಿ ಮಾಡಿ, ಒಣಮೀನು ಸುಟ್ಟು, ತಟ್ಟೆ ತಂದು ಉಮ್ಮನ ಮುಂದೆ ಇಟ್ಟರು. ‘ಅವರಿಗೆ ಇದು ಇಷ್ಟ ಇತ್ತಲ್ವಾ’ ಅಂದರು. ಉಮ್ಮ ಅವತ್ತು ಗಂಟಲು ಬಿಟ್ಟು ಅತ್ತರು. ಅತ್ತು ಮುಗಿಸಿ ಗಂಜಿ ಕುಡಿದರು. ವಾರಗಳ ನಂತರ ಅವರು ಹೊಟ್ಟೆ ತುಂಬ ಉಂಡದ್ದು ಅವತ್ತೇ.

ಅದಕ್ಕೇ ಅಳುವುದು ಈಮಾನ್ ಇಲ್ಲದವರ ಲಕ್ಷಣ ಅಂತ ಯಾರಾದರೂ ಅಂದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ಕುರ್‌ಆನ್‌ನ ಸೂರಾ (ಅಧ್ಯಾಯ) ಯೂಸುಫ್ ನೀವು ಎಷ್ಟೋ ಸಲ ಓದಿರುತ್ತೀರಿ. ಈ ಸಲ ಯೂಸುಫರನ್ನು ಬಿಟ್ಟು ಅವರ ತಂದೆ ಯಾಕೂಬ್ (ಅ) ಅವರನ್ನೇ ಹಿಂಬಾಲಿಸಿ ಓದಿ. ಯೂಸುಫರ ಅಣ್ಣಂದಿರು ಸುಳ್ಳು ರಕ್ತ ಹಚ್ಚಿದ ಅವರ ಅಂಗಿ ತಂದು, ತೋಳ ತಿಂದುಬಿಟ್ಟಿತು ಅಂದಾಗ ಅವರ ಬಾಯಿಂದ ಬಂದದ್ದು ‘ಫಸಬ್ರುನ್ ಜಮೀಲ್’. ಅಂದರೆ, ಇನ್ನು ಚಂದದ ಸಬ್ರ್. ಎಷ್ಟೋ ವರ್ಷ ಕಳೆದು ಇನ್ನೊಬ್ಬ ಮಗನೂ ಈಜಿಪ್ಟಿನಲ್ಲಿ ಸಿಕ್ಕಿಬಿದ್ದಾಗ ಮತ್ತೆ ಅದೇ ಮಾತು, 83ನೇ ಸೂಕ್ತದಲ್ಲಿ. ಅದರ ಮರು ಸೂಕ್ತದಲ್ಲೇ ಏನಿದೆ ನೋಡಿ. ಅವರು ಮುಖ ತಿರುಗಿಸಿ ‘ಅಯ್ಯೋ ಯೂಸುಫ್’ ಅಂತ ಹಲುಬುತ್ತಾರೆ. ದುಃಖದಿಂದ ಕಣ್ಣು ಬೆಳ್ಳಗಾಗುತ್ತದೆ. ಚಂದದ ಸಬ್ರ್ ಅಂತ ಹೇಳಿದ ಪ್ರವಾದಿಯೇ ಕಣ್ಣು ಹೋಗುವಷ್ಟು ಅತ್ತರು. ಎರಡರ ನಡುವೆ ಕುರ್‌ಆನ್‌ಗೆ ಯಾವ ಜಗಳವೂ ಕಾಣಲಿಲ್ಲ.

ಆಗ ಮನೆಯವರು ಏನಂದರು ಗೊತ್ತಾ? ಹೀಗೇ ಯೂಸುಫನನ್ನು ನೆನೆಯುತ್ತಾ ನೀವು ಸವೆದು ಸಾಯುತ್ತೀರಿ ಅಂತ. ಅಂದವರು ಯಾರು? ಆ ಮಗುವನ್ನು ಬಾವಿಗೆ ಹಾಕಿದ ಅಣ್ಣಂದಿರೇ. ಇನ್ನೊಬ್ಬರ ಅಳು ನಿಲ್ಲಿಸಲು ಅವಸರ ಮಾಡುವವರನ್ನು ಕಂಡಾಗೆಲ್ಲ ನನಗೆ ಈ ಸೂಕ್ತ ನೆನಪಾಗುತ್ತದೆ. (ನಿಮ್ಮ ಅತ್ತೆಗೆ ಇದನ್ನು ಓದಿ ಹೇಳಬೇಡಿ, ಜಗಳವಾಗುತ್ತದೆ.) ಯಾಕೂಬರು ಕೊಟ್ಟ ಉತ್ತರ: ನನ್ನ ಸಂಕಟವನ್ನು, ದುಃಖವನ್ನು ನಾನು ಅಲ್ಲಾಹನಲ್ಲಿ ಹೇಳಿಕೊಳ್ಳುತ್ತಿದ್ದೇನೆ. ಅಲ್ಲಿಗೇ ನಿಲ್ಲಲಿಲ್ಲ. ಮರು ಸೂಕ್ತದಲ್ಲಿ, ಮಕ್ಕಳೇ, ಹೋಗಿ ಯೂಸುಫನನ್ನೂ ಅವನ ತಮ್ಮನನ್ನೂ ಹುಡುಕಿ, ಅಲ್ಲಾಹನ ಕರುಣೆಯಲ್ಲಿ ನಿರಾಶರಾಗಬೇಡಿ ಅಂತ ಕಳಿಸಿದರು. ಅತ್ತರು, ಅಲ್ಲಾಹನಿಗೆ ಹೇಳಿಕೊಂಡರು, ಹುಡುಕಲು ಜನ ಕಳಿಸಿದರು. ನನ್ನ ಬುದ್ಧಿಗೆ ಎಟುಕಿದ ಮಟ್ಟಿಗೆ ಈ ಮೂರೂ ಸೇರಿಯೇ ಚಂದದ ಸಬ್ರ್. ನಮ್ಮ ಮನೆಗಳಲ್ಲಿ ಮೂರನ್ನೂ ಬಿಟ್ಟು ಬಾಯಿ ಮುಚ್ಚಿ ಕೂರುವುದಕ್ಕೆ ಆ ಹೆಸರು ಕೊಟ್ಟಿದ್ದೇವೆ, ಅದರಲ್ಲೂ ಹೆಣ್ಣುಮಕ್ಕಳ ಬಾಯಿ.

ಪ್ರವಾದಿ ಮುಹಮ್ಮದರ (ಸ) ಪುಟ್ಟ ಮಗ ಇಬ್ರಾಹೀಮ್ ಮಡಿಲಲ್ಲೇ ಕೊನೆಯುಸಿರೆಳೆಯುತ್ತಿದ್ದಾಗ ಅವರ ಕಣ್ಣಲ್ಲೂ ನೀರು ಬಂತು. ಸಂಗಾತಿ ಅಬ್ದುರ್ರಹ್ಮಾನ್ ಬಿನ್ ಔಫ್ (ರ) ಆಶ್ಚರ್ಯದಿಂದ, ತಾವೂ ಅಳುವುದೇ ಅಂತ ಕೇಳಿದರು. ಇದು ಕರುಣೆ ಅಂದರು ಪ್ರವಾದಿ. ಕಣ್ಣು ನೀರು ಸುರಿಸುತ್ತದೆ, ಹೃದಯ ನೋಯುತ್ತದೆ, ಆದರೆ ನಮ್ಮ ಪ್ರಭುವಿಗೆ ಮೆಚ್ಚಿಗೆಯಾಗುವುದನ್ನು ಮಾತ್ರ ಬಾಯಿ ಹೇಳುತ್ತದೆ ಎಂದರು. ಬುಖಾರಿ ಸಂಗ್ರಹದಲ್ಲಿರುವ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಇದು. ಅಷ್ಟೇ ಷರತ್ತು. ನೀವು ಅಲ್ಲಾಹನನ್ನು ಬೈದಿದ್ದೀರಾ? ಇಲ್ಲ. ಹಾಗಾದರೆ ಅಳಿ ತಂಗಿ, ಬೇಕಾದಷ್ಟು ಅಳಿ.

ಇನ್ನು ತವಕ್ಕುಲ್. ಒಂಟೆಯನ್ನು ಕಟ್ಟು, ಆಮೇಲೆ ಭರವಸೆ ಇಡು ಎಂಬ ಹದೀಸ್ ಎಲ್ಲರಿಗೂ ಬಾಯಿಪಾಠ, ನಿಮ್ಮ ಯಜಮಾನರಿಗೂ ಗೊತ್ತಿರುತ್ತದೆ. ನಾನು ನಿಮಗೆ ನೆನಪಿಸಬೇಕೆಂದಿರುವುದು ಪ್ರವಾದಿ ಇಬ್ರಾಹೀಮರ (ಅ) ಹೆಂಡತಿ ಹಾಜರಾ ಬೀವಿಯನ್ನು. ಆಗಿನ ಮಕ್ಕಾದಲ್ಲಿ ಮರವಿಲ್ಲ, ಜನವಿಲ್ಲ, ನೀರಿಲ್ಲ. ಹಾಲು ಕುಡಿಯುವ ಮಗು. ಬಿಟ್ಟು ಹೊರಟ ಇಬ್ರಾಹೀಮರನ್ನು (ಅ) ಆಕೆ ಕೇಳಿದ್ದು ಒಂದೇ: ಇದು ಅಲ್ಲಾಹನ ಆಜ್ಞೆಯಾ? ಹೌದು ಅಂದಾಗ, ಹಾಗಾದರೆ ಅವನು ನಮ್ಮನ್ನು ಕೈಬಿಡುವುದಿಲ್ಲ ಅಂದರು. ಇದಕ್ಕಿಂತ ದೊಡ್ಡ ತವಕ್ಕುಲ್ ಎಲ್ಲಿದೆ? ಹಾಗಂತ ತೊಗಲ ಚೀಲದ ನೀರು ಮುಗಿದಾಗ ಆಕೆ ಸುಮ್ನೆ ಕೂರಲಿಲ್ಲ. ಸಫಾ ಬೆಟ್ಟ ಹತ್ತಿದರು, ಮರ್ವಾ ಬೆಟ್ಟ ಹತ್ತಿದರು, ಏಳು ಸಲ ಓಡಾಡಿದರು. ನೀರು ಬಂದದ್ದು ಓಡಿದ ಬೆಟ್ಟದಲ್ಲಿ ಅಲ್ಲ, ಮಗು ಮಲಗಿದ್ದ ಜಾಗದಲ್ಲಿ. ಆದರೂ ಆ ಓಟವನ್ನು ಅಲ್ಲಾಹನು ಎಷ್ಟು ಮೆಚ್ಚಿದ ಅಂದರೆ, ಇವತ್ತಿಗೂ ಹಜ್‌ಗೆ, ಉಮ್ರಾಕ್ಕೆ ಹೋದವರೆಲ್ಲ ಆ ತಾಯಿಯ ಹೆಜ್ಜೆಯಲ್ಲೇ ಏಳು ಸಲ ನಡೆಯಬೇಕು.

ಹಾಗಾಗಿ ಆ ಹೊಲಿಗೆ ಮೆಷಿನ್ ನಿಮ್ಮ ಸಫಾ ಮರ್ವಾ ಅಂದುಕೊಳ್ಳಿ. ಗಲ್ಫ್‌ನವನ ಹೆಂಡತಿ ಅನ್ನುವ ಪದವಿ ದೀನಿನಲ್ಲಿ (ಧರ್ಮದಲ್ಲಿ) ಎಲ್ಲೂ ಇಲ್ಲ. ಪ್ರವಾದಿಯವರ ಹೆಂಡತಿ ಖದೀಜಾ (ರ) ವ್ಯಾಪಾರ ಮಾಡುತ್ತಿದ್ದವರು. ಪ್ರವಾದಿಯವರ ಸಂಗಾತಿ ಅಬ್ದುಲ್ಲಾ ಬಿನ್ ಮಸ್‌ಊದರ (ರ) ಹೆಂಡತಿ ಝೈನಬ್ ಕೈಕೆಲಸ ಬಲ್ಲವರು. ಗಂಡ ಬಡವರು. ಅವರಿಗೂ ಮನೆಯ ಅನಾಥ ಮಕ್ಕಳಿಗೂ ತಾನು ಖರ್ಚು ಮಾಡಿದರೆ ಪುಣ್ಯ ಸಿಗುತ್ತದೆಯೇ ಅಂತ ಬಿಲಾಲರ (ರ) ಮೂಲಕ ಕೇಳಿಸಿದರು. ಎರಡು ಪುಣ್ಯ, ಒಂದು ಸಂಬಂಧ ಕಾಪಾಡಿದ್ದಕ್ಕೆ, ಇನ್ನೊಂದು ದಾನಕ್ಕೆ, ಅಂದರು ಪ್ರವಾದಿ. ಅತ್ತೆಗೆ ಹೇಳುವುದಾದರೆ ಇದನ್ನು ಹೇಳಿ. ಜೊತೆಗೆ ಇದೂ ನೆನಪಿರಲಿ: ಮನೆ ನಡೆಸುವ ಹೊಣೆ ದೀನಿನ ಪ್ರಕಾರ ಗಂಡನದು. ನೀವು ಹೊಲಿಯುವುದು ನಿಮ್ಮ ಒಳ್ಳೆಯತನ. ಆ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಾಲಿಗೆ ಬರುತ್ತೇನೆ. ‘ಈಚೆಗೆ ಜುಮಾಕ್ಕೂ ಹೋಗುತ್ತಿಲ್ಲ’ ಅಂತ ಬರೆದಿದ್ದೀರಿ. ನಿದ್ದೆ ಇಲ್ಲ, ಕೋಣೆ ಬಿಟ್ಟು ಬರುವುದಿಲ್ಲ ಅಂತಲೂ ಇದೆ. ನಿಜವಾಗಿ ತವಕ್ಕುಲ್ ಇಟ್ಟವನು ಪಳ್ಳಿಗೆ (ಮಸೀದಿಗೆ) ಹೋಗುವುದನ್ನು ಯಾಕೆ ಬಿಡುತ್ತಾನೆ? ನನಗೆ ಅನಿಸುವುದು, ಅವರು ಆ ಪದವನ್ನು ಬಾಗಿಲಿಗೆ ಚಿಲಕದ ಹಾಗೆ ಹಾಕಿಕೊಂಡಿದ್ದಾರೆ. ಒಳಗೆ ನಾಚಿಕೆಯೋ ಭಯವೋ ಕೂತಿದೆ. 14 ವರ್ಷ ಊರಿಗೆ ಬಂದಾಗಲೆಲ್ಲ ಪೆಟ್ಟಿಗೆ ತುಂಬ ಸಾಮಾನು ತಂದವರು, ಎಲ್ಲರ ಮದುವೆಗೆ ಕೈ ಬಿಚ್ಚಿ ಕೊಟ್ಟವರು, ಈಗ ಜುಮಾ ಮುಗಿದು ಹೊರಬಂದಾಗ ‘ಮತ್ತೆ ಯಾವಾಗ ಹೋಗುವುದು?’ ಅಂತ ಕೇಳುವವರಿಗೆ ಏನು ಹೇಳಬೇಕು?

ಇದು ಸೋಮಾರಿತನ ಇರಲಿಕ್ಕಿಲ್ಲ. ಖಿನ್ನತೆ ಇರಬಹುದು. ಅದನ್ನು ಡಾಕ್ಟರೇ ಹೇಳಬೇಕು, ನಾನಲ್ಲ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮೊದಲು ನೀವೇ ಮಾಡಿ ಕೇಳಿ. ಆಮೇಲೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಇಬ್ಬರೂ ಹೋಗಿ. ಜನ ಏನಂದಾರು ಅಂತ ಅವರು ಹಿಂಜರಿದರೆ, ಚಿಕಿತ್ಸೆ ಮಾಡಿಸಿಕೊಳ್ಳಿ, ಮುದಿತನ ಒಂದನ್ನು ಬಿಟ್ಟು ಮದ್ದಿಲ್ಲದ ಕಾಯಿಲೆಯನ್ನು ಅಲ್ಲಾಹನು ಇಟ್ಟಿಲ್ಲ ಎಂಬ ಪ್ರವಾದಿಯವರ ಮಾತನ್ನು ಉಸ್ತಾದರಿಂದಲೇ (ಪಳ್ಳಿಯ ಗುರುಗಳಿಂದಲೇ) ಹೇಳಿಸಿ. ಮತ್ತೆ ಒಂದು: ‘ನಾನಿಲ್ಲದಿದ್ದರೆ ನಿಮಗೆ ಸುಖ’ ಅನ್ನುವ ತರಹದ ಮಾತು ಅವರ ಬಾಯಲ್ಲಿ ಬಂದರೆ ಒಂದು ದಿನವೂ ಕಾಯಬೇಡಿ. ಅವತ್ತೇ ಕರೆದುಕೊಂಡು ಹೋಗಿ, ಒಬ್ಬರನ್ನೇ ಬಿಡಬೇಡಿ.

ಸಾಲದ ವಿಷಯ. ಪ್ರವಾದಿಯವರು ಪದೇ ಪದೇ ಮಾಡುತ್ತಿದ್ದ ಒಂದು ದುಆ ಇದೆ, ‘ಅಲ್ಲಾಹುಮ್ಮ ಇನ್ನೀ ಅಊಝು ಬಿಕ ಮಿನಲ್ ಹಮ್ಮಿ ವಲ್ ಹಝನ್’ ಅಂತ ಶುರುವಾಗುವುದು. ಚಿಂತೆ, ದುಃಖ, ಕೈಲಾಗದಿರುವಿಕೆ, ಆಲಸ್ಯ, ಜಿಪುಣತನ, ಹೇಡಿತನ, ಸಾಲದ ಹೊರೆ, ಜನರ ದಬ್ಬಾಳಿಕೆ, ಎಲ್ಲದರಿಂದ ಒಂದೇ ಉಸಿರಲ್ಲಿ ರಕ್ಷೆ ಕೇಳುವ ದುಆ. ಸಾಲ ಮನಸ್ಸನ್ನು ಏನು ಮಾಡುತ್ತದೆ ಅಂತ ಬಲ್ಲವರ ಪ್ರಾರ್ಥನೆ ಅದು. ಓದಿ. ಓದಿ ಎದ್ದು ಒಂದು ನೋಟ್‌ಬುಕ್ ತನ್ನಿ. ಯಾರಿಗೆ ಎಷ್ಟು, ಯಾವಾಗಿನಿಂದ, ಎಲ್ಲ ಬರೆಯಿರಿ. ಕುರ್‌ಆನ್‌ನ ಅತಿ ಉದ್ದದ ಸೂಕ್ತವೇ ಸಾಲವನ್ನು ಬರೆದಿಡಿ ಅಂತ ಹೇಳುವುದು. ಅದರ ಎರಡು ಸೂಕ್ತ ಹಿಂದೆ, ಸಾಲ ಪಡೆದವನು ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಸಮಯ ಕೊಡಿ ಅಂತಿದೆ. ನಾದಿನಿಯ ಗಂಡನ ಹತ್ತಿರ ಈ ಮಾತು ಎತ್ತಿ. ತಪ್ಪಿಸಿಕೊಂಡು ತಿರುಗುವುದಕ್ಕಿಂತ, ತಿಂಗಳಿಗೆ ಇಷ್ಟು ಕೊಡ್ತೇವೆ ಅಂತ ಎದುರು ಕೂತು ಹೇಳುವುದು ಮರ್ಯಾದೆ.

ಅಡವಿಟ್ಟ ಚಿನ್ನದ ಬಗ್ಗೆ ನನ್ನ ನೇರ ಮಾತು: ಸ್ವಲ್ಪ ಮಾರಿ ಉಳಿದದ್ದನ್ನು ಬಿಡಿಸಿಕೊಳ್ಳಿ. ಚಿನ್ನ ಮಾರುವುದು ಅಪಶಕುನ ಅನ್ನುವವರು ಬಡ್ಡಿ ಕಟ್ಟಲು ಬರುವುದಿಲ್ಲ. ಆದರೆ ಮಹರ್‌ನ ಸರ ನಿಮ್ಮ ಸ್ವಂತದ್ದು. ಸೂರಾ ನಿಸಾದ ನಾಲ್ಕನೇ ಸೂಕ್ತದ ಪ್ರಕಾರ, ನೀವು ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ಗಂಡ ಅದನ್ನು ಬಳಸಬಹುದು. ಅದನ್ನು ಮೊದಲು ಬಿಡಿಸಿ ತನ್ನಿ.

ಇನ್ನು ಆ ಕವರ್. ನೀವು ವಾಪಸ್ ಕಳಿಸಿದ್ದನ್ನು ಓದಿ ನನ್ನ ಗಂಟಲೂ ಕಟ್ಟಿತು. ಝಕಾತ್ ಪಡೆಯಬಹುದಾದ ಎಂಟು ಬಗೆಯ ಜನರನ್ನು ಸೂರಾ ತೌಬಾದ 60ನೇ ಸೂಕ್ತ ಎಣಿಸುತ್ತದೆ. ಅದರಲ್ಲಿ ‘ಗಾರಿಮೀನ್’ ಅಂತ ಒಂದು ಬಗೆ ಇದೆ, ಸಾಲದಲ್ಲಿ ಮುಳುಗಿದವರು. ಬಡವರ ಹೆಸರು ಮೊದಲೇ ಬಂದಿದೆ, ಆದರೂ ಇವರನ್ನು ಬೇರೆಯಾಗಿ ಹೇಳಿದೆ. ನಿನ್ನೆಯವರೆಗೆ ಚೆನ್ನಾಗಿದ್ದು ಇವತ್ತು ಕುಸಿದ ಮನೆಗಳು ಎಲ್ಲ ಕಾಲದಲ್ಲೂ ಇದ್ದವು ಅಂತ ತಾನೇ ಅರ್ಥ? ಇಷ್ಟು ವರ್ಷ ನೀವು ಎರಡೂವರೆ ಶೇಕಡಾ ಲೆಕ್ಕ ಹಾಕಿ ಕೊಟ್ಟಾಗ ಅದು ಪಡೆಯುವವರ ಹಕ್ಕು ಅಂತ ನಂಬಿಯೇ ಕೊಟ್ಟಿರಿ. ಈಗ ಆ ಹಕ್ಕು ನಿಮ್ಮದಾಗಿರಬಹುದು. ಚಿನ್ನ, ಸಾಲ ಎಲ್ಲದರ ಲೆಕ್ಕವನ್ನು ಉಸ್ತಾದರ ಮುಂದೆ ಇಟ್ಟು, ಅರ್ಹರೇ ಅಂತ ಕೇಳಿ. ನಂಬಿಕಸ್ಥರಾದ ಒಬ್ಬರಿಗೆ ಗುಟ್ಟಾಗಿ ಹೇಳಿದರೂ ಸಾಕು. ಊರಿಡೀ ಗೊತ್ತಾಗಬೇಕಿಲ್ಲ.

ಅತ್ತೆಯ ಬಗ್ಗೆ ಒಂದು ಮಾತು ಉಳಿಯಿತು. ಅವರ ಮೇಲೆ ಜಾಸ್ತಿ ಕಹಿ ಇಟ್ಟುಕೊಳ್ಳಬೇಡಿ. ಆ ತಲೆಮಾರಿನ ಹೆಂಗಸರಿಗೆ ಯಾರೂ ಸಬ್ರ್ ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ. ಇದ್ದದ್ದನ್ನೇ ನಿಮಗೂ ಕೊಡುತ್ತಿದ್ದಾರೆ. ಮಗ ಕೋಣೆಯಲ್ಲಿ ಬಿದ್ದಿರುವುದನ್ನು ನೋಡಿ ಅವರ ಹೊಟ್ಟೆಯಲ್ಲೂ ಬೆಂಕಿ ಇರುತ್ತದೆ. ಕಾಜಾ ಹೊಲಿಯಲು, ಗುಂಡಿ ಹಾಕಲು ಅವರನ್ನೂ ಕೂರಿಸಿಕೊಳ್ಳಿ. ಕೈಗೆ ಕೆಲಸ ಸಿಕ್ಕರೆ ಮಾತಿನ ಮೊನೆ ತಾನಾಗಿ ಮೊಂಡಾಗುತ್ತದೆ, ನಮ್ಮ ಮನೆಯಲ್ಲಿ ನೋಡಿದ್ದೇನೆ.

ಬರುವ ಶುಕ್ರವಾರ ಯಜಮಾನರ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಮಂಚದ ಮೇಲಿಡಿ. ಹೋಗಿ ಅಂತ ಒತ್ತಾಯ ಬೇಡ. ದೊಡ್ಡ ಮಗನನ್ನು, ‘ಬಾಪಾ, ನನ್ನ ಜೊತೆ ಬರ್ತೀರಾ?’ ಅಂತ ಕೇಳಲು ಹೇಳಿ. ಹೋಗದಿದ್ದರೆ ಅಂಗಿ ಮಡಚಿಟ್ಟು ಮುಂದಿನ ಶುಕ್ರವಾರ ಮತ್ತೆ ಇಡಿ. ಅಷ್ಟರೊಳಗೆ 14416ಕ್ಕೆ ಫೋನ್ ಆಗಿರಲಿ. ಎರಡು ತಿಂಗಳು ಬಿಟ್ಟು ನನಗೆ ಇನ್ನೊಂದು ಪತ್ರ ಬರೆಯಿರಿ. ಅವರು ರಾತ್ರಿ ಎಷ್ಟು ಹೊತ್ತು ಮಲಗುತ್ತಿದ್ದಾರೆ, ನೀವು ಎಷ್ಟು ಚೂಡಿದಾರ್ ಹೊಲಿದಿರಿ, ಎರಡೂ ಅದರಲ್ಲಿ ಇರಲಿ.