ಲಾ ನಿನಾ ವರ್ಷಗಟ್ಟಲೆ ಉಳಿಯುವುದು ಯಾಕೆ?

ಪ್ರಶ್ನೆ: 2022ರ ಸೆಪ್ಟೆಂಬರ್ ಮಳೆಗೆ ನಮ್ಮ ಬೇಸ್‌ಮೆಂಟ್ ಮುಳುಗಿತ್ತು. ಆಗ ‘ಸತತ ಮೂರನೇ ವರ್ಷ ಲಾ ನಿನಾ’ ಎಂಬ ಸುದ್ದಿ ಬಂತು. ಎಲ್ಲೋ ಸಮುದ್ರ ತಣ್ಣಗಾಗಿ ಅಷ್ಟು ದಿನ ಹಾಗೇ ಇರುವುದು ಹೇಗೆ?
– ಓದುಗರೊಬ್ಬರು, ಬೆಳ್ಳಂದೂರು

ಉತ್ತರ: ಬೇಸ್‌ಮೆಂಟ್ ವಿಷಯ ಮೊದಲು ಹೇಳಿಬಿಡುತ್ತೇನೆ. ಲಾ ನಿನಾ ಇದ್ದರೆ ನಮ್ಮ ಮುಂಗಾರು ಚೆನ್ನಾಗಿ ಆಗುವ ಸಾಧ್ಯತೆ ಜಾಸ್ತಿ, ಅಷ್ಟೇ. ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ 131.6 ಮಿ.ಮೀ. ಸುರಿಯಿತು, ನಿಜ. ಆದರೆ ಕೆರೆಯಿಂದ ಕೆರೆಗೆ ನೀರು ಒಯ್ಯಬೇಕಾದ ರಾಜಕಾಲುವೆಗಳನ್ನು ಒತ್ತುವರಿ ಮಾಡಿದ್ದು ಪೆಸಿಫಿಕ್ ಸಾಗರ ಅಲ್ಲ. ಇದನ್ನು ನಾನು ಹೇಳದೆ ಇರಲಾರೆ.

ಇನ್ನು ಸಾಗರದ ಮಾತು. ನಾನು ಹೈಸ್ಕೂಲಿನಲ್ಲಿ ಭೂಗೋಳ ಹೇಳುತ್ತಿದ್ದಾಗ ಯಾವಾಗಲೂ ಗಾಳಿಯಿಂದಲೇ ಶುರು ಮಾಡುತ್ತಿದ್ದೆ. ಪೆಸಿಫಿಕ್‌ನಲ್ಲಿ ಸಮಭಾಜಕದ ಉದ್ದಕ್ಕೂ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಮೇಲಿನ ಬೆಚ್ಚನೆಯ ನೀರನ್ನು ಇಂಡೋನೇಷ್ಯಾ ಕಡೆ ತಳ್ಳುತ್ತದೆ. ಇತ್ತ ಪೆರು, ಈಕ್ವೆಡಾರ್ ಕಡೆ ಆಳದ ತಣ್ಣನೆ ನೀರು ಮೇಲೆ ಬರುತ್ತದೆ. ಗಾಳಿ ಜೋರಾದರೆ ಪೂರ್ವ ಇನ್ನೂ ತಣ್ಣಗಾಗುತ್ತದೆ. ಇದೇ ಲಾ ನಿನಾ. ಎರಡು ಕಡೆಯ ಬಿಸಿಯ ವ್ಯತ್ಯಾಸ ಹೆಚ್ಚಿದಷ್ಟೂ ಗಾಳಿ ಮತ್ತಷ್ಟು ಜೋರು. ಹೀಗೆ ಒಂದಕ್ಕೊಂದು ಕುಮ್ಮಕ್ಕು ಕೊಡುತ್ತವೆ. 1969ರಲ್ಲಿ ಇದನ್ನು ಬಿಡಿಸಿ ಹೇಳಿದವರು ಹವಾಮಾನ ವಿಜ್ಞಾನಿ ಯಾಕೋಬ್ ಬ್ಯರ್ಕ್ನೆಸ್.

ಹಾಗಾದರೆ ಇದು ನಿಲ್ಲಲೇಬಾರದು, ಅಲ್ವಾ? ನಿಲ್ಲಿಸುವುದು ಸಾಗರದ ಒಳಗಿನ ಶಾಖ. ಲಾ ನಿನಾಕ್ಕೆ ತದ್ವಿರುದ್ಧವಾಗಿ ಪೂರ್ವದ ನೀರು ಬಿಸಿಯಾಗುವ ಎಲ್ ನಿನೋ ಬಂದಾಗ ಸಮಭಾಜಕದ ಬಳಿ ಕೂಡಿದ್ದ ಶಾಖ ಉತ್ತರಕ್ಕೂ ದಕ್ಷಿಣಕ್ಕೂ ಹರಿದುಹೋಗುತ್ತದೆ. ಲಾ ನಿನಾ ಕಾಲದಲ್ಲಿ ಮೆಲ್ಲಗೆ ಮತ್ತೆ ತುಂಬುತ್ತದೆ. ತುಂಬಿದಾಗ ಲಾ ನಿನಾ ಮುಗಿಯುತ್ತದೆ. ಮನೆಯ ಸಂಪ್ ನೆನೆಸಿಕೊಳ್ಳಿ. ಅರ್ಧ ಖಾಲಿಯಾಗಿದ್ದರೆ ಕಾವೇರಿ ನೀರು ಒಮ್ಮೆ ಬಿಟ್ಟರೆ ಸಾಕು. ತಳ ಕಂಡಿದ್ದರೆ ಎರಡು ಮೂರು ಸರದಿ ಬೇಕು. 1997–98ರ ಎಲ್ ನಿನೋ ಭಾರಿ ದೊಡ್ಡದು. ಅದರ ಬೆನ್ನಿಗೇ ಬಂದ ಲಾ ನಿನಾ 2001ರ ತನಕ ಉಳಿಯಿತು. 1972–73ರ ದೊಡ್ಡ ಎಲ್ ನಿನೋ ಆದಮೇಲೂ ಹೀಗೇ ಆಯಿತು.

ಇನ್ನೊಂದು ವಿಷಯ. ಮೂರು ವರ್ಷ ಅಂದರೆ ಒಂದೇ ಸಮನೆ ತಣ್ಣಗಿತ್ತು ಅಂತಲ್ಲ. ಲಾ ನಿನಾ ಸಾಮಾನ್ಯವಾಗಿ ವರ್ಷದ ಕೊನೆಗೆ ಬಲವಾಗಿ, ಬೇಸಿಗೆ ಹೊತ್ತಿಗೆ ಸೊರಗುತ್ತದೆ. 2021ರ ಮಧ್ಯದಲ್ಲಿ ಅದು ಹೋಗಿಯೇ ಬಿಟ್ಟಿತ್ತು. ಕೆಲವೇ ತಿಂಗಳಲ್ಲಿ ವಾಪಸ್ ಬಂತು.

ನನಗೆ ತುಂಬಾ ಕುತೂಹಲ ಹುಟ್ಟಿಸುವುದೂ ಇದೇ 2020ರ ಲಾ ನಿನಾ. ಅದಕ್ಕೆ ಮುಂಚೆ ದೊಡ್ಡ ಎಲ್ ನಿನೋ ಬಂದಿರಲೇ ಇಲ್ಲ. ಶಾಖ ಅಷ್ಟಾಗಿ ಖಾಲಿಯಾಗದೆಯೂ ಅದು 2023ರ ಆರಂಭದವರೆಗೆ ಎಳೆಯಿತು. ಹಿಂದೂ ಮಹಾಸಾಗರ, ಅಟ್ಲಾಂಟಿಕ್, ದಕ್ಷಿಣ ಪೆಸಿಫಿಕ್‌ನ ಗಾಳಿ – ಇವುಗಳ ಕೈವಾಡ ಎಷ್ಟು ಎಂದು ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ.