ಬೋಟಿ ತಿನ್ನುವವರು ಕಡಿಮೆ ಆದರಾ? ಗ್ರಾಫ್ ನೋಡಿ ಹೇಳೋಕಾಗಲ್ಲ

ನಾನು ಮಾಂಸ ತಪಾಸಣೆಯಲ್ಲಿ ಕೆಲಸ ಮಾಡಿದ ಪಶುವೈದ್ಯ. ಒಂದೇ ಗ್ರಾಫ್ ಹಿಡಿದುಕೊಂಡು ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಈ ಸಲ ಅದಕ್ಕೇ ಜಾಸ್ತಿ ಜಾಗ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದರೆ ಎಫ್‌ಎಒ ಅಂಕಿಗಳ ಗ್ರಾಫ್ ವಾಟ್ಸ್‌ಆ್ಯಪ್‌ನಲ್ಲಿ ಬಂತು. ಭಾರತದಲ್ಲಿ ತಲಾ ಕೋಳಿ ಮಾಂಸದ ಗೆರೆ ಜೋರಾಗಿ ಏರಿದೆ. ಲಿವರ್, ಬೋಟಿ ಮುಂತಾದ ಒಳಾಂಗ ಮಾಂಸದ ಗೆರೆ ಹಾಗೆ ಏರಿಲ್ಲ. ನಮ್ಮವರು ಬೋಟಿ ತಿನ್ನುವುದು ಬಿಟ್ಟರಾ? ರಕ್ತಹೀನತೆಗೆ ಇದೇ ಕಾರಣವಾ?

ಅದು ತಿಂದದ್ದರ ಲೆಕ್ಕವೇ ಅಲ್ಲ ಸ್ವಾಮಿ. ದೇಶದಲ್ಲಿ ಉತ್ಪಾದನೆ ಆದದ್ದಕ್ಕೆ ಆಮದು ಕೂಡಿಸಿ, ರಫ್ತು ಕಳೆದು, ನಷ್ಟ ಮತ್ತು ಬೇರೆ ಬಳಕೆ ತೆಗೆದು, ಉಳಿದದ್ದನ್ನು ಜನಸಂಖ್ಯೆಯಿಂದ ಭಾಗಿಸುತ್ತಾರೆ. ಅದಕ್ಕೆ ಲಭ್ಯತೆ ಅಂತ ಹೆಸರು. ಮನೆಗೆ ತಂದು ವಾಸನೆ ಬಂತು ಅಂತ ಎಸೆದ ಬೋಟಿಯೂ ಅದರಲ್ಲಿ ಸೇರಿರುತ್ತದೆ.

ಇನ್ನು ಉತ್ಪಾದನೆ. ಬೋಟಿಯನ್ನು ಯಾರೂ ತಕ್ಕಡಿಗೆ ಹಾಕಿ ದೇಶದ ಲೆಕ್ಕ ಬರೆಯುವುದಿಲ್ಲ. ಎಷ್ಟು ಪ್ರಾಣಿ ಕಡಿದರು ಅನ್ನುವ ಅಂದಾಜನ್ನು ಒಂದು ಪ್ರಾಣಿಗೆ ಇಷ್ಟು ಒಳಾಂಗ ಎಂಬ ದರದಿಂದ ಗುಣಿಸುತ್ತಾರೆ, ಅಷ್ಟೇ. ಕಡಿದ ಪ್ರಾಣಿಯ ಅಂದಾಜು ಬರುವುದು ಪಶುಸಂಗೋಪನಾ ಇಲಾಖೆಗಳ ಮಾದರಿ ಸಮೀಕ್ಷೆಯಿಂದ. ಬೇಸಿಗೆ, ಮಳೆಗಾಲ, ಚಳಿಗಾಲ ಅಂತ ವರ್ಷಕ್ಕೆ ಮೂರು ಸುತ್ತು ಮಾಡುತ್ತಾರೆ. ನಮ್ಮ ಹಳೇ ಮೈಸೂರು ಕಡೆಯ ಗುಡ್ಡೆ ಬಾಡನ್ನೇ ನೋಡಿ. ಯುಗಾದಿ ಮರುದಿನದ ಹೊಸತೊಡಕಿಗೆ ಚೀಟಿ ಹಾಕಿದ ಹತ್ತಾರು ಮನೆಯವರು ಸೇರಿ ಮರಿ ತರುತ್ತಾರೆ, ತೋಟದಲ್ಲೇ ಕಡಿಯುತ್ತಾರೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಗುಡ್ಡೆ ಹಾಕುವಾಗ ಪ್ರತಿ ಪಾಲಿಗೂ ಒಂದು ತುಂಡು ಲಿವರ್, ಒಂದು ಹಿಡಿ ಬೋಟಿ ಬೀಳಲೇಬೇಕು. ಇಲ್ಲದಿದ್ದರೆ ಅಲ್ಲೇ ಜಗಳ. ಅದಕ್ಕೆಲ್ಲ ರಸೀದಿ ಇರುತ್ತದಾ?

ಕೋಳಿ ಗೆರೆ ಯಾಕೆ ಏರಿತು ಅಂತಲೂ ನೋಡಿ. ದೇಶದ ಮಾಂಸ ಉತ್ಪಾದನೆ 2014-15ರಲ್ಲಿ ಸುಮಾರು 67 ಲಕ್ಷ ಟನ್ ಇತ್ತು. 2022-23ಕ್ಕೆ ಅದು ಸುಮಾರು 98 ಲಕ್ಷ ಟನ್ ಆಯಿತು. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೋಳಿಯೇ. ಎಫ್‌ಎಒ ಲೆಕ್ಕದ ಒಳಾಂಗವಾದರೋ ಬಹುಪಾಲು ನಾಲ್ಕು ಕಾಲಿನ ಪ್ರಾಣಿಗಳದ್ದು. ಜಾನುವಾರು ಗಣತಿಯಲ್ಲಿ ಆಡುಗಳ ಸಂಖ್ಯೆ 2012ರಲ್ಲಿ 13.5 ಕೋಟಿ, 2019ರಲ್ಲಿ 14.9 ಕೋಟಿ. ಕುರಿ 6.5 ಕೋಟಿಯಿಂದ 7.4 ಕೋಟಿಗೆ ಬಂತು. ಫಾರಂ ಕೋಳಿಯ ವೇಗ ಇವುಗಳಿಗೆಲ್ಲಿಂದ ಬರಬೇಕು? ಜೊತೆಗೆ ಜನರೂ ಹೆಚ್ಚಿದರು. ಜನ ಬೋಟಿ ಬಿಟ್ಟರೋ ಇಲ್ಲವೋ ಅನ್ನುವುದಕ್ಕೆ ಇಲ್ಲಿ ಉತ್ತರವೇ ಇಲ್ಲ.

ಎಮ್ಮೆಯದು ಇನ್ನೊಂದು ತಕರಾರು. ಭಾರತ ವರ್ಷಕ್ಕೆ ಹತ್ತು ಲಕ್ಷ ಟನ್‌ಗೂ ಜಾಸ್ತಿ ಎಮ್ಮೆ ಮಾಂಸ ರಫ್ತು ಮಾಡುತ್ತದೆ, ಬಹುತೇಕ ಮೂಳೆ ತೆಗೆದದ್ದು. ಮಾಂಸ ಹಡಗು ಹತ್ತಿತು. ಅದೇ ಎಮ್ಮೆಯ ಒಳಾಂಗ? ಒಂದಷ್ಟು ರಫ್ತಾಗುತ್ತದೆ, ಒಂದಷ್ಟು ಸ್ಥಳೀಯ ಮಾರುಕಟ್ಟೆಗೆ, ಮತ್ತೊಂದಷ್ಟು ಬೇಯಿಸಿ ಕೊಬ್ಬು, ಪುಡಿ ಮಾಡುವ ಘಟಕಕ್ಕೆ. ಕಾಗದದ ಮೇಲೆ ಮಾತ್ರ ಅದರಲ್ಲಿ ದೊಡ್ಡ ಪಾಲು ನಿಮ್ಮ ನನ್ನ ತಟ್ಟೆಗೆ ಬಿದ್ದ ಹಾಗೆ ಕಾಣಬಹುದು.

ಭಾಗಿಸುವ ಸಂಖ್ಯೆಯೂ ಅಂದಾಜೇ. 2011ರ ನಂತರ 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ ಅಲ್ವಾ?

ನನಗೆ ನಿಜಕ್ಕೂ ಸಿಟ್ಟು ತರಿಸುವುದು ಗೆರೆ ಅಂಟಿಸುವ ಕೆಲಸ. ಎಫ್‌ಎಒ ಹಳೆಯ ಸರಣಿ 2013ಕ್ಕೆ ಮುಗಿಯುತ್ತದೆ. ಹೊಸದು 2010ರಿಂದ ಶುರು, ಲೆಕ್ಕದ ವಿಧಾನವೇ ಬೇರೆ. ಎರಡನ್ನೂ ಒಂದೇ ಗೆರೆ ಮಾಡಿದರೆ ನಡುವೆ ಬರುವ ಏರು ಅಥವಾ ಕುಸಿತ ಕಂಪ್ಯೂಟರಿನದ್ದು, ಅಡುಗೆ ಮನೆಯದ್ದಲ್ಲ. ಎರಡು ಸರಣಿಯಲ್ಲೂ ಸಿಗುವ 2010ರಿಂದ 2013ರ ಅಂಕಿ ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಮಾತಾಡೋಣ.

ತಿಂದದ್ದು ಗೊತ್ತಾಗಬೇಕಾದರೆ ಮನೆಮನೆಗೆ ಹೋಗಿ ಕೇಳಬೇಕು. ನಮ್ಮ ಕುಟುಂಬ ವೆಚ್ಚ ಸಮೀಕ್ಷೆಯಲ್ಲಿ ಮಟನ್, ಚಿಕನ್, ಹಂದಿ ಎಲ್ಲಕ್ಕೂ ಸಾಲು ಇದೆ, ಬೋಟಿಗೆ ಬೇರೆ ಸಾಲು ಇಲ್ಲ.

ರಕ್ತಹೀನತೆ ಬಗ್ಗೆ: 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ಲಿವರ್‌ನಲ್ಲಿ ಕಬ್ಬಿಣಾಂಶ ಚೆನ್ನಾಗಿದೆ, ನಿಜ. ಆದರೆ ಇಷ್ಟು ದೊಡ್ಡ ಸಮಸ್ಯೆಯನ್ನು ಒಂದು ಬೋಟಿ ಗೆರೆಗೆ ಕಟ್ಟಬೇಡಿ. ಜಂತುಹುಳು, ಹೆರಿಗೆ, ಮುಟ್ಟಿನ ರಕ್ತಸ್ರಾವ, ದಿನದ ಊಟ, ಎಲ್ಲವೂ ಇವೆ. ಅಂದಹಾಗೆ, ನೀವು ಕಳಿಸಿದ ಗ್ರಾಫಿನ ಕೆಳಗೇ ಒಣ ಲಿವರ್ ಮಾತ್ರೆಯ ಜಾಹೀರಾತು ಇದೆ. ಗ್ರಾಫ್ ಯಾಕೆ ಹುಟ್ಟಿತು ಅಂತ ಈಗ ಗೊತ್ತಾಯಿತಲ್ಲ?

ಪ್ರಶ್ನೆ: ಮೆದುಳು ತಿಂದರೆ ಮಕ್ಕಳಿಗೆ ಬುದ್ಧಿ ಬರುತ್ತದಾ?

ಇಲ್ಲ.

ಪ್ರಶ್ನೆ: ಕಾಲು ಸೂಪ್ ಕುಡಿದರೆ ಮುರಿದ ಮೂಳೆ ಬೇಗ ಕೂಡುತ್ತದೆ ಅಂತ ನಾಟಿ ವೈದ್ಯರು ಹೇಳಿದರು.

ಸೂಪ್ ಕುಡಿಯಿರಿ, ರುಚಿಯಾಗಿರುತ್ತದೆ. ಮೂಳೆಗೆ ಮೊದಲು ಎಕ್ಸ್‌ರೇ ತೆಗೆಸಿ.

ಪ್ರಶ್ನೆ: ಸೊಸೆ ಮೂರು ತಿಂಗಳ ಬಸುರಿ. ದಿನಾ ಕುರಿ ಲಿವರ್ ಕೊಡಬಹುದಾ?

ಬೇಡ. ಕುರಿ ಲಿವರ್‌ನಲ್ಲಿ ಎ ಜೀವಸತ್ವ ವಿಪರೀತ. ಅತಿಯಾದರೆ ಮಗುವಿಗೆ ತೊಂದರೆ. ಬ್ರಿಟನ್‌ನಲ್ಲಿ ಬಸುರಿಯರಿಗೆ ಲಿವರ್ ತಿನ್ನಲೇಬೇಡಿ ಅಂತಾರೆ. ನಾನೂ ನನ್ನ ಮನೆಯವರಿಗೆ ಅದನ್ನೇ ಹೇಳುತ್ತೇನೆ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ತಪ್ಪದೆ ನುಂಗಲಿ.

ಪ್ರಶ್ನೆ: ಮನೆಗೆ ತಂದ ಕುರಿ ಲಿವರ್‌ನಲ್ಲಿ ನೀರು ತುಂಬಿದ ಬಿಳಿ ಗುಳ್ಳೆ ಇತ್ತು. ಕತ್ತರಿಸಿ ನಾಯಿಗೆ ಹಾಕಿದೆವು. ಪರವಾಗಿಲ್ಲವಾ?

ಪರವಾಗಿಲ್ಲ ಅನ್ನೋಕೇ ಆಗಲ್ಲ! ಅದು ಹೈಡಾಟಿಡ್ ಗುಳ್ಳೆ, ಅಂದರೆ ಲಾಡಿಹುಳುವಿನ ಮರಿಗಳಿರುವ ಗುಳ್ಳೆ ಇರಬಹುದು. ಗುಳ್ಳೆ ತಿಂದ ನಾಯಿಯ ಕರುಳಲ್ಲಿ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆ ನಾಯಿಯ ಮಲದಿಂದ ಸೊಪ್ಪು, ನೀರು, ಕೈ ಮೂಲಕ ನಿಮ್ಮ ಹೊಟ್ಟೆಗೆ ಬರುತ್ತದೆ. ಆಮೇಲೆ ಗುಳ್ಳೆ ನಿಮ್ಮ ಲಿವರ್‌ನಲ್ಲಿ. ಇವತ್ತೇ ನಾಯಿಯನ್ನು ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ನಡೆದದ್ದು ಹೇಳಿ, ಲಾಡಿಹುಳುವಿನ ಔಷಧಿ ಕೊಡಿಸಿ. ಆ ದಿನಗಳಲ್ಲಿ ಅದರ ಮಲ ಎತ್ತಿ ಆಳವಾಗಿ ಹೂಳಿ. ಮುಂದೆ ಇಂಥ ಲಿವರ್, ಶ್ವಾಸಕೋಶ ಕಂಡರೆ ಸುಡಿ, ಇಲ್ಲವೇ ನಾಯಿ ಕೆದಕದಷ್ಟು ಆಳಕ್ಕೆ ಹೂಳಿ.