ಎಣಿಸಬೇಕೋ, ಕೇಳಬೇಕೋ?

ಪ್ರಶ್ನೆ: ಪತ್ರಿಕೋದ್ಯಮ ಎಂ.ಎ. ಕಿರುಪ್ರಬಂಧಕ್ಕೆ 2011ರ ಎಂಡೋಸಲ್ಫಾನ್ ಕೀಟನಾಶಕದ ಸುದ್ದಿಯನ್ನು ಕಾಸರಗೋಡಿನ ಕನ್ನಡ, ಮಲಯಾಳಂ ದಿನಪತ್ರಿಕೆಗಳು ಹೇಗೆ ಬರೆದವು ಎಂದು ನೋಡುತ್ತಿದ್ದೇನೆ. ಗೈಡ್ ವಿಷಯ ವಿಶ್ಲೇಷಣೆ (ಅಚ್ಚಾದ ಸುದ್ದಿಗಳನ್ನು ವಿಂಗಡಿಸಿ ಎಣಿಸುವುದು) ಮಾಡಿ ಎನ್ನುತ್ತಾರೆ, ಗೆಳೆಯರು ವರದಿಗಾರರ ಸಂದರ್ಶನ ಎನ್ನುತ್ತಾರೆ. ಯಾವುದು ಸರಿ?
- ಬದಿಯಡ್ಕದ ಓದುಗರು

ಉತ್ತರ: ‘ಹೇಗೆ ಬರೆದವು’ ಎಂಬುದಕ್ಕೆ ಅಚ್ಚಾದ ಪುಟವೇ ಸಾಕ್ಷಿ, ವಿಷಯ ವಿಶ್ಲೇಷಣೆಯೇ ಸರಿ. ‘ಯಾಕೆ ಹಾಗೆ ಬರೆದರು’ ಎಂದಿದ್ದರೆ ಸಂದರ್ಶನ ಬೇಕಿತ್ತು.

ಹೆಚ್ಚಿನವರು ಎಡವುವುದು ಸಂಚಿಕೆ ಆರಿಸುವಲ್ಲಿ. ಪ್ರತಿ ಏಳನೆಯ ಸಂಚಿಕೆ ತೆಗೆದರೆ ಬರೀ ಭಾನುವಾರಗಳೇ ಕೈಗೆ ಬರಬಹುದು. ಅದಕ್ಕಾಗಿ ವರ್ಷದ ಸೋಮವಾರಗಳಿಂದ ಚೀಟಿ ಎತ್ತಿ ಒಂದು, ಮಂಗಳವಾರಗಳಿಂದ ಒಂದು, ಹೀಗೆ ಏಳು ಸಂಚಿಕೆಗಳ ‘ರಚಿತ ವಾರ’ ಕಟ್ಟುತ್ತಾರೆ. ಒಂದು ವರ್ಷಕ್ಕೆ ಇಂಥ ಎರಡು ವಾರ ಸಾಕೆಂದು 1993ರಲ್ಲಿ ಸಂಶೋಧಕರಾದ ರಿಫ್, ಆಸ್ಟ್, ಲೇಸಿ ತೋರಿಸಿದ್ದರು. ನಿಮಗೆ ಮಾತ್ರ ಇದು ಒಗ್ಗದು. ಎಂಡೋಸಲ್ಫಾನ್ ಸುದ್ದಿ ಧರಣಿ, ತೀರ್ಪುಗಳ ಸುತ್ತ ಗುಂಪಾಗಿ ಬರುತ್ತದೆ. ಚೀಟಿಯಲ್ಲಿ ಬಂದ 14 ಸಂಚಿಕೆಗಳಲ್ಲಿ ಒಂದೂ ಸಿಗದೆ ಹೋದೀತು. ಸುಪ್ರೀಂ ಕೋರ್ಟಿನ ಮಧ್ಯಂತರ ನಿಷೇಧ ಬಂದದ್ದು ಮೇ 13ಕ್ಕೆ. ಏಪ್ರಿಲ್‌ನಿಂದ ಜೂನ್‌ವರೆಗಿನ 91 ದಿನಗಳನ್ನೂ ಬಿಡದೆ ನೋಡಿ.

ಕನ್ನಡ ಪತ್ರಿಕೆಯ ಮಂಗಳೂರು ನಗರ ಆವೃತ್ತಿಯನ್ನು ಮಲಯಾಳಂನ ಕಾಸರಗೋಡು ಆವೃತ್ತಿಯ ಪಕ್ಕ ಇಟ್ಟರೆ ಹೋಲಿಕೆ ಅಲ್ಲಿಗೇ ಕೆಟ್ಟಿತು. ಎರಡರದ್ದೂ ಕಾಸರಗೋಡಿಗೆ ಬರುವ ಆವೃತ್ತಿಯೇ ಆಗಬೇಕು. ಪದ ಹುಡುಕಿ ಸುದ್ದಿ ಹೆಕ್ಕುವುದೂ ಬೇಡ: ಕನ್ನಡದ ‘ಸಂತ್ರಸ್ತರು’ ಮಲಯಾಳಂನಲ್ಲಿ ‘ದುರಿತಬಾಧಿತರ್’, ತಲೆಬರಹದಲ್ಲಿ ಬರೇ ‘ಎಂಡೋ’. ಪುಟ ತಿರುವಿಯೇ ಓದಬೇಕು.

‘ಸಂತ್ರಸ್ತರ ಪರ, ಸರ್ಕಾರದ ಪರ’ ಎಂಬ ವಿಂಗಡಣೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದಾಗುತ್ತದೆ. ಮೊದಲು ಯಾರ ಮಾತು ಉಲ್ಲೇಖವಾಗಿದೆ, ಯಾವ ಪುಟ, ಎಷ್ಟು ಕಾಲಂ ಸೆಂಟಿಮೀಟರ್ ಎಂದು ಗುರುತು ಹಾಕಿ. ಎರಡೂ ಭಾಷೆ ಓದಬಲ್ಲ ಇನ್ನೊಬ್ಬರಿಂದ ನೂರಕ್ಕೆ ಹತ್ತು ಸುದ್ದಿಗಳನ್ನು, ನಿಮ್ಮ ಗುರುತು ತೋರಿಸದೆ, ಕೋಡಿಂಗ್ ಮಾಡಿಸಿ, ಅಂದರೆ ಹೀಗೇ ಗುರುತು ಹಾಕಿಸಿ. ಇಬ್ಬರ ಗುರುತು ಎಷ್ಟು ಹೊಂದುತ್ತದೆ ಎಂದು ಆಕಸ್ಮಿಕ ಹೊಂದಿಕೆ ಕಳೆದು ಅಳೆಯುವ ಕ್ರಿಪೆನ್‌ಡಾರ್ಫ್ ಆಲ್ಫಾ 0.80 ಮುಟ್ಟಬೇಕು, 0.667ಕ್ಕಿಂತ ಕೆಳಗಿದ್ದರೆ ವಿಂಗಡಣೆಯ ವಿವರಣೆಯನ್ನೇ ತಿದ್ದಿ ಮತ್ತೆ ಶುರುಮಾಡಿ. ಶೇಕಡಾವಾರು ಹೊಂದಾಣಿಕೆ ಮಾತ್ರ ಕೊಡಬೇಡಿ, ಆಕಸ್ಮಿಕ ಹೊಂದಿಕೆಯೂ ಅದರಲ್ಲಿ ಸೇರಿರುತ್ತದೆ.

ಪ್ರಶ್ನೆ: ವಾಟ್ಸಾಪ್ ಗುಂಪುಗಳಿಗೆ ಗೂಗಲ್ ಫಾರ್ಮ್ ಕಳಿಸಿ 384 ಉತ್ತರ ಪಡೆದಿದ್ದೇನೆ. ತಾಲೂಕಿನ ಓದುಗರ ಸಮೀಕ್ಷೆ ಎನ್ನಬಹುದೇ?
- ಮಂಜೇಶ್ವರದ ಓದುಗರು

ಉತ್ತರ: ಇಲ್ಲ. 384 ಎಂಬುದು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಆರಿಸಿದವರ ಲೆಕ್ಕ (ಶೇ. 95 ವಿಶ್ವಾಸದಲ್ಲಿ ಫಲಿತಾಂಶ ಶೇಕಡಾ 5 ಅಂಶ ಆಚೀಚೆ). ಗುಂಪಿನಲ್ಲಿ ಮನಸ್ಸಾದವರು ತುಂಬಿದ ಫಾರ್ಮ್ ಸಾವಿರವಾದರೂ ತಾಲೂಕಿನ ಮಾತಾಗದು. ಕೆಲವು ವಾರ್ಡ್ ಚೀಟಿ ಎತ್ತಿ, ಅಲ್ಲಿನ ಮತದಾರರ ಪಟ್ಟಿಯಿಂದ ಹೆಸರು ಆರಿಸಿ ಮನೆಗೇ ಹೋಗಿ. ತುಳು, ಬ್ಯಾರಿ, ಕೊಂಕಣಿ ಮನೆಗಳಲ್ಲಿ ಪ್ರಶ್ನೆಯನ್ನು ಬಾಯಲ್ಲಿ ಕೇಳಬೇಕಾಗುತ್ತದೆ. ಆ ಮಾತುಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಕೇಳುವವರು ಸ್ಥಳದಲ್ಲೇ ಅನುವಾದಿಸಿದರೆ ಮನೆಗೊಂದು ಪ್ರಶ್ನೆಯಾಗುತ್ತದೆ.